ತೆರಿಗೆ ಹಾಕಬೇಕಾದ್ದು ಗುಳ್ಳೆಗಲ್ಲ, ಸಕ್ಕರೆಗೆ

ಕಳೆದ ಸಲ ಊರಿಗೆ ಬಂದಾಗ ಅಕ್ಕನ ಮಗನನ್ನು ಕರೆದುಕೊಂಡು ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆವು. ಹುಡುಗನಿಗೆ ಒಂಬತ್ತು ವರ್ಷ, ತೂಕ ಜಾಸ್ತಿ. ಡಾಕ್ಟರು ಒಳ್ಳೆಯವರು. ಸಿಹಿ ಕಮ್ಮಿ ಮಾಡಿ, ಓಡಾಡಿಸಿ, ಆಟ ಆಡಿಸಿ ಎಂದು ತಾಳ್ಮೆಯಿಂದ ಹೇಳಿದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಮಕ್ಕಳ ಎತ್ತರ ಅಳೆಯುವ ಪಟ್ಟಿ ಇತ್ತು, ಜಿರಾಫೆ ಚಿತ್ರದ್ದು. ಜಿರಾಫೆಯ ಕಾಲ ಬುಡದಲ್ಲಿ ಹಾಲಿಗೆ ಹಾಕುವ ಒಂದು ಪುಡಿಯ ಹೆಸರು.

ಮನೆಗೆ ಬಂದವನೇ ಅಡುಗೆಮನೆಯಲ್ಲಿದ್ದ ಅದೇ ಪುಡಿಯ ಡಬ್ಬಿ ತಿರುಗಿಸಿ ನೋಡಿದೆ. ಸಕ್ಕರೆ ಎಷ್ಟು ಅಂತ ಹುಡುಕಲು ಫೋನಿನ ಟಾರ್ಚ್ ಹಾಕಬೇಕಾಯಿತು, ಅಕ್ಷರ ಅಷ್ಟು ಸಣ್ಣ. ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಸಕ್ಕರೆ. "ಶಕ್ತಿ ಬರ್ಲಿ ಅಂತ ಕೊಡ್ತೀನಿ ಕಣೋ" ಎಂದಳು ಅಕ್ಕ. ಅವಳನ್ನು ಏನಂತ ಬೈಯಲಿ? ಡಾಕ್ಟರ ಗೋಡೆಯ ಮೇಲಿರುವ ಹೆಸರನ್ನು ಯಾವ ತಾಯಿ ಅನುಮಾನಿಸುತ್ತಾಳೆ? ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರದ ಪ್ರಚಾರಕ್ಕೆ ನಮ್ಮ ದೇಶ 1992ರಲ್ಲಿ ಕಾನೂನು ಮಾಡಿ, 2003ರಲ್ಲಿ ತಿದ್ದಿ ಬೇಲಿ ಹಾಕಿದೆ. ಮಗುವಿಗೆ ಎರಡು ತುಂಬಿದ ಮಾರನೇ ದಿನ ಆ ಬೇಲಿ ಇಲ್ಲ.

ನಾನು ಹನ್ನೊಂದು ವರ್ಷದಿಂದ ಬ್ರಿಟನ್ನಿನ ಗ್ಲಾಸ್ಗೋದಲ್ಲಿದ್ದೇನೆ. ಇಲ್ಲಿಯವರಿಗೆ ಐರನ್ ಬ್ರೂ ಅಂದರೆ ಪ್ರಾಣ. ಕಿತ್ತಳೆ ಬಣ್ಣದ ಸೋಡಾ ಅದು, ಮದುವೆಗೂ ಬೇಕು, ಜ್ವರಕ್ಕೂ ಬೇಕು. 2016ರಲ್ಲಿ ಬ್ರಿಟನ್ ಸರ್ಕಾರ ಸಿಹಿ ಪಾನೀಯಗಳ ಮೇಲೆ ಸುಂಕ ಘೋಷಿಸಿತು, 2018ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆಗಿನ ಲೆಕ್ಕ ಸುಲಭ. 100 ಮಿಲಿಲೀಟರಿಗೆ 5 ಗ್ರಾಂ ಸಕ್ಕರೆ ಮುಟ್ಟಿದರೆ ಲೀಟರಿಗೆ 18 ಪೆನ್ಸ್, 8 ಮುಟ್ಟಿದರೆ 24 ಪೆನ್ಸ್, 5ಕ್ಕಿಂತ ಕೆಳಗಿದ್ದರೆ ಏನೂ ಇಲ್ಲ. ಸುಂಕ ಬರುವ ಮೊದಲೇ, ಆ ವರ್ಷದ ಜನವರಿಯಲ್ಲೇ, ಐರನ್ ಬ್ರೂ ತನ್ನ ಸಕ್ಕರೆಯನ್ನು 10.3 ಗ್ರಾಂನಿಂದ 4.7ಕ್ಕೆ ಇಳಿಸಿತು. ನಮ್ಮ ಪಕ್ಕದ ಮನೆ ಅಜ್ಜ ಹಳೇ ರುಚಿಯ ಬಾಟಲಿಗಳನ್ನು ಮೆಟ್ಟಿಲ ಕೆಳಗೆ ಸಾಲಾಗಿ ಜೋಡಿಸಿಟ್ಟಿದ್ದ. ಮುಗಿದ ಮೇಲೆ ಹೊಸದನ್ನೇ ಕುಡಿಯತೊಡಗಿದ. ಈಗ ಅದರ ಮಾತೇ ಎತ್ತುವುದಿಲ್ಲ.

ಅದೇ ಹೊತ್ತಿಗೆ ಸರ್ಕಾರ ಬಿಸ್ಕತ್ತು, ಕೇಕು, ಚಾಕೊಲೇಟ್ ಮಾಡುವವರಿಗೆ ಕಾನೂನು ಮಾಡಲಿಲ್ಲ. 2020ರೊಳಗೆ ನೀವಾಗಿಯೇ 20% ಸಕ್ಕರೆ ಇಳಿಸಿ ಎಂದು ಕೇಳಿಕೊಂಡಿತು. ಇಳಿದದ್ದು 3.5%. ಸುಂಕದ ಕೆಳಗೆ ಬಂದ ಪಾನೀಯಗಳಲ್ಲಿ 2015ರಿಂದ 2020ರೊಳಗೆ ಇಳಿದದ್ದು 46%. ಒಂದೇ ದೇಶ, ಅದೇ ಐದು ವರ್ಷ. ಸಕ್ಕರೆ ಇಳಿಸುವುದು ಕಂಪನಿಗಳಿಗೆ ಮೊದಲಿಂದಲೂ ಗೊತ್ತಿತ್ತು, ಕಾರಣ ಬೇಕಿತ್ತು ಅಷ್ಟೆ.

ಬ್ರಿಟನ್ನಿನವರು ಎಲ್ಲದರಲ್ಲೂ ಗಟ್ಟಿ ಅಂತ ಹೇಳುತ್ತಿಲ್ಲ. ರಾತ್ರಿ ಒಂಬತ್ತರೊಳಗೆ ಟಿವಿಯಲ್ಲಿ ಜಂಕ್ ಫುಡ್ ಜಾಹೀರಾತು ಬೇಡ ಎಂದು 2020ರಲ್ಲಿ ಹೇಳಿದ್ದು, ಮುಂದೂಡಿ ಮುಂದೂಡಿ 2026ರ ಜನವರಿಗೆ ಬಂತು. ಅದರಲ್ಲೂ ತಿಂಡಿ ತೋರಿಸದೆ ಬರೀ ಕಂಪನಿಯ ಹೆಸರು ತೋರಿಸಿದರೆ ತಪ್ಪಲ್ಲ. ಇಂಥ ಕಿಂಡಿ ಸುಮ್ನೆ ಆಗುವುದಿಲ್ಲ ಅಲ್ವಾ, ಯಾರೋ ಹಿಂದೆ ಕೂತು ಕೊರೆದಿರುತ್ತಾರೆ.

"ಓಡಾಡಿ, ಆಟ ಆಡಿ" ಎಂಬ ಮಾತು ತಪ್ಪಲ್ಲ. ಆದರೆ ಅದನ್ನೇ ಜೋರಾಗಿ ಹೇಳಿಸಲು ದುಡ್ಡು ಕೊಟ್ಟವರು ಯಾರು ಅಂತ ತಿಳಿದಿರಬೇಕು. ಅಮೆರಿಕದಲ್ಲಿ ತೂಕದ ವಿಷಯದಲ್ಲಿ ಊಟಕ್ಕಿಂತ ವ್ಯಾಯಾಮವೇ ಮುಖ್ಯ ಎನ್ನುತ್ತಿದ್ದ ವಿಜ್ಞಾನಿಗಳ ಕೂಟವೊಂದಕ್ಕೆ ಕೋಕಾ ಕೋಲಾ ಹಣ ಕೊಟ್ಟಿದ್ದು 2015ರಲ್ಲಿ ಬಯಲಾಯಿತು. ಅದೇ ವರ್ಷ ಆ ಕೂಟ ಬಾಗಿಲು ಹಾಕಿತು. ಅದಕ್ಕೂ ಹಿಂದೆ, 1965ರಲ್ಲಿ, ಅಲ್ಲಿನ ಸಕ್ಕರೆ ಉದ್ಯಮದ ಸಂಸ್ಥೆ ಹಾರ್ವರ್ಡ್‌ನ ಸಂಶೋಧಕರಿಗೆ ಸುಮಾರು 6,500 ಡಾಲರ್ ಕೊಟ್ಟು, ಹೃದಯರೋಗದ ತಪ್ಪನ್ನು ಕೊಬ್ಬಿನ ಮೇಲೆ ಹೊರಿಸಿ ಸಕ್ಕರೆಯನ್ನು ಪಾರು ಮಾಡುವ ಲೇಖನ ಬರೆಸಿತ್ತು. ಹಣದ ವಿಷಯ ಲೇಖನದಲ್ಲಿ ಇರಲಿಲ್ಲ. ಹಳೆಯ ಪತ್ರಗಳಿಂದ ಅದು ಹೊರಗೆ ಬಂದದ್ದು 2016ರಲ್ಲಿ. ಐವತ್ತು ವರ್ಷ!

ಈಗ ನಮ್ಮ ದೇಶಕ್ಕೆ ಬನ್ನಿ. ಗುಳ್ಳೆ ಏಳುವ ಸಿಹಿ ಪಾನೀಯಕ್ಕೆ 40% ಜಿಎಸ್‌ಟಿ ಇದೆ, ಬ್ರಿಟನ್ನಿಗಿಂತ ಬಿಗಿ ಅನಿಸುತ್ತದೆ. ಆದರೆ ಸಕ್ಕರೆ ತುಂಬಿದ ಕೋಲಾಕ್ಕೂ 40, ಸಕ್ಕರೆಯೇ ಇಲ್ಲದ ಕೋಲಾಕ್ಕೂ 40. ಗುಳ್ಳೆ ಇಲ್ಲದ ಮಾವಿನ ಹಣ್ಣಿನ ಪಾನೀಯದಲ್ಲಿ ಎಷ್ಟೇ ಸಕ್ಕರೆ ಇರಲಿ, 2025ರ ಸೆಪ್ಟೆಂಬರ್‌ನಿಂದ ಬರೀ 5. ಬಿಸ್ಕತ್ತು 18ರಿಂದ 5ಕ್ಕೆ ಇಳಿದಿದೆ. ಹೀಗಿರುವಾಗ ಯಾವ ಕಂಪನಿ ಒಂದು ಚಮಚ ಸಕ್ಕರೆ ಕಮ್ಮಿ ಮಾಡುತ್ತದೆ, ಹೇಳಿ. ಸರ್ಕಾರ ಹಣ ತೆಗೆದುಕೊಳ್ಳುತ್ತದೆ, ಬಾಟಲಿ ಒಳಗಿರುವುದು ಹಾಗೇ ಉಳಿಯುತ್ತದೆ.

ಪೊಟ್ಟಣದ ಕಥೆಯೂ ಹಾಗೇ. ಚಿಲಿ ದೇಶ 2016ರಲ್ಲೇ ಎದುರಿಗೇ ಕಪ್ಪು ಎಂಟುಮೂಲೆ ಗುರುತು ಹಾಕಿಸಿತು, "ಸಕ್ಕರೆ ಜಾಸ್ತಿ" ಎಂದು ಓದಿದರೆ ಸಾಕು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2022ರ ಕರಡಿನಲ್ಲಿ ಹೇಳಿದ್ದು ನಕ್ಷತ್ರ, ಅರ್ಧದಿಂದ ಐದರವರೆಗೆ. ಅದೂ ಮೊದಲ ನಾಲ್ಕು ವರ್ಷ ಇಷ್ಟವಿದ್ದವರಿಗೆ ಮಾತ್ರ. ನಕ್ಷತ್ರ ಅಂದರೆ ನಮ್ಮ ಮಕ್ಕಳಿಗೆ ಟೀಚರ್ ಕೈಮೇಲೆ ಹಾಕುವ ಶಭಾಷ್‌ಗಿರಿ. ಅರ್ಧ ನಕ್ಷತ್ರ ನೋಡಿ ಯಾರು ಹೆದರುತ್ತಾರೆ? 2025ರ ಏಪ್ರಿಲ್‌ನಲ್ಲಿ ಪೊಟ್ಟಣದ ಎದುರಿನ ಗುರುತಿನ ವಿಷಯ ಇತ್ಯರ್ಥ ಮಾಡಿ ಎಂದು ಸುಪ್ರೀಂ ಕೋರ್ಟ್ ಮೂರು ತಿಂಗಳ ಗಡುವು ಕೊಟ್ಟಿತು, ಆ ಗಡುವೂ ಮುಂದೆ ಹೋಯಿತು.

ಮೊನ್ನೆ ಅಕ್ಕ ವಾಟ್ಸಾಪಿನಲ್ಲಿ ಮಾವಿನ ಜ್ಯೂಸ್ ಬಾಟಲಿಯ ಹಿಂಭಾಗದ ಫೋಟೋ ಕಳಿಸಿದ್ದಳು. "ಸಕ್ಕರೆ ಎಷ್ಟಿದೆ ನೋಡಿ ಹೇಳೋ, ನಂಗೆ ಕಾಣ್ತಿಲ್ಲ." ಜೂಮ್ ಮಾಡಿದೆ. ಅಕ್ಷರ ಕಲಸಿಹೋದವು, ನನಗೂ ಕಾಣಲಿಲ್ಲ.