ಹೊರಗಿನವರು ದಯವಿಟ್ಟು ಹೊರಗೆ

ಸದಸ್ಯರಲ್ಲದವರನ್ನು ಸಭೆಯಿಂದ ಹೊರಗೆ ಕಳುಹಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ನಿಯಮಾವಳಿಗಳು ಎಷ್ಟೇ ವಿವರವಾಗಿ ಹೇಳಿದ್ದರೂ, ಸಂಘಸಂಸ್ಥೆಗಳಲ್ಲಿ ಆ ಅಧಿಕಾರ ಚಿಲಕಕ್ಕೆ ಹತ್ತಿರವಿರುವವರ ಕೈಯಲ್ಲಿಯೇ ಉಳಿದುಬಂದಿದೆ. ಲೆಕ್ಕಪತ್ರದ ವಿಷಯ ಚರ್ಚೆಗೆ ಬಂದೊಡನೆ ಖಜಾಂಚಿಯವರು ತೆರೆದಿದ್ದ ಕಡತವನ್ನು ಮಡಚಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ, ಅಧ್ಯಕ್ಷರು ಒಮ್ಮೆ ಕೆಮ್ಮುತ್ತಾರೆ, ಆ ಕೆಮ್ಮನ್ನೇ ಆದೇಶವೆಂದು ಶಿರಸಾವಹಿಸಿದ ಕಾರ್ಯದರ್ಶಿಯವರು ಎದ್ದು ಹೋಗಿ, ಬಾಗಿಲನ್ನು ಅರ್ಧ ತೆರೆದು ಹಿಡಿದು, "ಸದಸ್ಯರಲ್ಲದವರು ದಯವಿಟ್ಟು..." ಎಂದು ಮಾತನ್ನು ಅಷ್ಟಕ್ಕೇ ನಿಲ್ಲಿಸುತ್ತಾರೆ. ಹಿಂದಿನ ಸಾಲಿನವರು ತೆಪ್ಪಗೆ ಏಳುತ್ತಾರೆ. ಠರಾವಿಲ್ಲ, ಅನುಮೋದನೆಯಿಲ್ಲ, ಕೈ ಎತ್ತಿದವರಿಲ್ಲ. ಆದರೂ ನಡಾವಳಿ ಪುಸ್ತಕದಲ್ಲಿ "ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು" ಎಂಬ ಸಾಲಿಗೆ ಎಂದೂ ಚ್ಯುತಿ ಬಂದದ್ದಿಲ್ಲ.

ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಪ್ರಕಟಿಸಿದ, ಪರಿಷ್ಕರಣೆಗೊಳ್ಳುತ್ತ ಇಂದಿಗೂ ಅನೇಕ ಸಂಘಗಳು ಪಾಲಿಸುತ್ತಿರುವ ಸಭಾನಿಯಮಗಳ ಪ್ರಕಾರ, ಗುಪ್ತವಾಗಿ ಕೂರಬೇಕೇ ಬೇಡವೇ ಎಂಬುದನ್ನು ಬಹುಮತದಿಂದ ನಿರ್ಧರಿಸಬೇಕಾದದ್ದು ಸಭೆಯೇ. ಸದಸ್ಯೇತರರನ್ನು ಹೊರಗೆ ಕಳುಹಿಸುವ ಅಧಿಕಾರ ಅಧ್ಯಕ್ಷರಿಗೂ ಇದೆ, ಹೊರಹೋಗುವವನು ಅದನ್ನು ಪ್ರಶ್ನಿಸುವಂತೆಯೂ ಇಲ್ಲ. ಆದರೆ ಆ ಆದೇಶದ ವಿರುದ್ಧ ಸದಸ್ಯನೊಬ್ಬ ಮೇಲ್ಮನವಿ ಸಲ್ಲಿಸಿದರೆ ಕೊನೆಯ ಮಾತು ಮತ್ತೆ ಸಭೆಯದೇ ಆಗುತ್ತದೆ. ಅಂದರೆ ಬಾಯಿ ಬಿಡುವ ಹಕ್ಕಿಲ್ಲದವನು ಗೊಣಗುತ್ತ ಮೆಟ್ಟಿಲಿಳಿಯುತ್ತಾನೆ, ಹಕ್ಕಿರುವವನು ಕಾರ್ಯಸೂಚಿಯನ್ನು ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಾನೆ.

ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಈ ಅಧಿಕಾರ ಒಂದು ಕಾಲಕ್ಕೆ ಇನ್ನೂ ಅಗ್ಗವಾಗಿತ್ತು. ಹೊರಗಿನವರು ಕಾಣುತ್ತಿದ್ದಾರೆ ಎಂದು ಒಬ್ಬನೇ ಸದಸ್ಯ ಸ್ಪೀಕರ್ ಗಮನಕ್ಕೆ ತಂದರೆ ಸಾಕು, ಗ್ಯಾಲರಿ ಖಾಲಿಯಾಗಬೇಕಿತ್ತು. 1875ರಲ್ಲಿ ಐರಿಷ್ ಸದಸ್ಯ ಜೋಸೆಫ್ ಬಿಗರ್ ಹೀಗೆ ಎದ್ದು ನಿಂತಾಗ ಗ್ಯಾಲರಿಯಲ್ಲಿ ಕೂತಿದ್ದವರು ಸ್ವತಃ ವೇಲ್ಸ್ ರಾಜಕುಮಾರರು. ನಿಯಮದಂತೆ ಅವರೂ ಎದ್ದು ನಡೆದರು. ಸಾಮಾನ್ಯ ಜನರನ್ನು ಹೊರದಬ್ಬುತ್ತಿದ್ದಷ್ಟು ಕಾಲ ಯಾರಿಗೂ ಕಾಣದಿದ್ದ ದೋಷ ಆ ದಿನ ಎಲ್ಲರ ಕಣ್ಣಿಗೂ ಬಿದ್ದು, ಅದೇ ವರ್ಷ ವಿಷಯವನ್ನು ಮತಕ್ಕೆ ಹಾಕುವ ಪದ್ಧತಿ ಬಂತು. ನಮ್ಮ ಸಂಘಗಳಿಗೆ ರಾಜಕುಮಾರರು ಬರುವ ವಾಡಿಕೆಯಿಲ್ಲದ ಕಾರಣ ಸುಧಾರಣೆ ಸ್ವಲ್ಪ ತಡವಾಗಿದೆ, ಅಷ್ಟೆ.

ಇನ್ನು ಲೋಕಸಭೆಯಲ್ಲಿ ಗುಪ್ತ ಕಲಾಪ ನಡೆಯಬೇಕಾದರೆ ಸಭಾನಾಯಕರು ಕೋರಬೇಕು, ಸ್ಪೀಕರ್ ದಿನ ಗೊತ್ತುಮಾಡಬೇಕು. ಸಂಘದ ಕಾರ್ಯದರ್ಶಿಗೆ ಇಂಥ ಪರಾವಲಂಬನೆಯಿಲ್ಲ. ಅಪ್ಪಿತಪ್ಪಿ ಸದಸ್ಯರೊಬ್ಬರು ಎದ್ದು "ಮತಕ್ಕೆ ಹಾಕಿ ಸ್ವಾಮಿ" ಎಂದರೂ ಅವರು ವಿಚಲಿತರಾಗುವುದಿಲ್ಲ. ಚಂದಾ ಪುಸ್ತಕವನ್ನು ತರಿಸಿ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿ, ಆ ಸದಸ್ಯರ ವಾರ್ಷಿಕ ಶುಲ್ಕ ಬಾಕಿ ಇರುವುದನ್ನು ಪತ್ತೆಹಚ್ಚಿ, ಬೈಲಾ ಪ್ರಕಾರ ತಾವೂ ಈಗ ಸದಸ್ಯರಲ್ಲವೆಂದು ಅತ್ಯಂತ ವಿನಯದಿಂದ ತಿಳಿಸಿ, ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆಯುತ್ತಾರೆ.