ಜಾಗ ತೋರಿಸಿದ ಮಾತ್ರಕ್ಕೆ ಕಂಪನಿ ಬರುತ್ತಾ?

ದೇವನಹಳ್ಳಿ ಹತ್ತಿರ ಏರೋಸ್ಪೇಸ್ ಪಾರ್ಕ್‌ಗೆ ಅಂತ ಗುರುತಿಸಿದ್ದ 1,777 ಎಕರೆಯನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತಲ್ಲ, ಅದರ ಬೆನ್ನಲ್ಲೇ ಆಂಧ್ರದ ಸಚಿವ ನಾರಾ ಲೋಕೇಶ್ ಕಂಪನಿಗಳಿಗೆ ಬಹಿರಂಗವಾಗಿ ಆಹ್ವಾನ ಕೊಟ್ಟರು. ನಮ್ಮಲ್ಲಿಗೆ ಬನ್ನಿ, 8,000 ಎಕರೆಗೂ ಜಾಸ್ತಿ ಜಾಗ ರೆಡಿ ಇದೆ ಅಂತ. ನಮ್ಮವರು ಎಷ್ಟೋ ಜನ "ಮುಗೀತು, ಎಲ್ಲಾ ಆಂಧ್ರಕ್ಕೆ ಹೋಯ್ತು" ಅಂತ ತಲೆ ಮೇಲೆ ಕೈ ಹೊತ್ತು ಕೂತರು. ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ಆ ಜಾಗ ಎಲ್ಲಿದೆ ಅಂತ ಹೇಳೋಕೆ ಅವರು ಕೊಟ್ಟ ಗುರುತು: ಬೆಂಗಳೂರಿನ ಹೊರಗಡೆಯೇ! ಆಂಧ್ರದ ನೆಲ ತೋರಿಸೋಕೂ ನಮ್ಮೂರ ಹೆಸರೇ ಬೇಕಾಯ್ತು. (ಜಮೀನು ಬಿಡಲ್ಲ ಅಂತ ದೇವನಹಳ್ಳಿ ರೈತರು ಮಾಡಿದ ಹೋರಾಟ ಸರಿಯಾಗೇ ಇತ್ತು ಅನ್ನೋದು ನನ್ನ ಅಭಿಪ್ರಾಯ. ಅದರ ಬಗ್ಗೆ ಇನ್ನೊಂದು ದಿನ ಜಗಳ ಆಡೋಣ.)

ಕಾರ್ಖಾನೆಯ ಲೆಕ್ಕ ಬೇರೆ, ಆಫೀಸಿನ ಲೆಕ್ಕ ಬೇರೆ. ಕಾರು ಮಾಡುವವರಿಗೆ ಒಟ್ಟಾಗಿ ದೊಡ್ಡ ನೆಲ ಬೇಕು, ನೀರು ಬೇಕು, ಬಂದರಿಗೆ ದಾರಿ ಬೇಕು, ಬಿಡಿಭಾಗ ಕೊಡುವವರು ಹತ್ತಿರ ಇರಬೇಕು. ಕಾರು ಕಂಪನಿ ಕಿಯಾ 2017ರಲ್ಲಿ ಆಂಧ್ರದ ಪೆನುಕೊಂಡದ ಹತ್ತಿರ ಜಾಗ ಹಿಡಿಯಿತು. ಆಂಧ್ರ ಸರ್ಕಾರ ರಿಯಾಯಿತಿ ಕೊಟ್ಟಿದ್ದು ನಿಜ. ಆದರೆ ಒಂದ್ಸಲ ಮ್ಯಾಪ್ ನೋಡಿ. ಬಳ್ಳಾರಿ ರಸ್ತೆ ಹಿಡಿದರೆ ನೇರ ನಮ್ಮ ಏರ್‌ಪೋರ್ಟ್. ಇನ್ನೊಂದು ಕಡೆ ಚೆನ್ನೈ. ಅಲ್ಲಿ ಕಿಯಾದ ಅಣ್ಣನಂತಿರುವ ಹ್ಯುಂಡೈ 90ರ ದಶಕದಲ್ಲೇ ಬೇರೂರಿ, ಬಿಡಿಭಾಗದವರನ್ನೂ ಸುತ್ತ ಸೇರಿಸಿಕೊಂಡಿತ್ತು.

ಆಫೀಸು ಹಾಕುವವರಿಗೆ ಇದ್ಯಾವುದೂ ದೊಡ್ಡ ವಿಷಯವಲ್ಲ. ಅವರಿಗೆ ಬೇಕಿರೋದು ಜನ. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗ ಇಲ್ಲಿ ಫೋನ್ ಕನೆಕ್ಷನ್‌ಗೇ ವರ್ಷಗಟ್ಟಲೆ ಕಾಯಬೇಕಿತ್ತು. ಅಮೆರಿಕಕ್ಕೆ ಡೇಟಾ ಕಳಿಸೋಕೆ ಅವರು ತಮಗೇ ಅಂತ ಉಪಗ್ರಹ ಸಂಪರ್ಕ ಹಾಕಿಸಿಕೊಳ್ಳಬೇಕಾಯ್ತು. ಇಷ್ಟೆಲ್ಲ ಕಷ್ಟಪಟ್ಟು ಇಲ್ಲಿಗೇ ಯಾಕೆ ಬಂದರು? 1909ರ ಟಾಟಾ ಇನ್‌ಸ್ಟಿಟ್ಯೂಟ್ (ಅದೇ ಐಐಎಸ್‌ಸಿ), ವಿಮಾನ ಮಾಡುವ 1940ರ ಎಚ್‌ಎಎಲ್, ಟೆಲಿಫೋನ್ ಮಾಡುತ್ತಿದ್ದ 1948ರ ಐಟಿಐ, ಎಲೆಕ್ಟ್ರಾನಿಕ್ಸ್‌ನ 1954ರ ಬಿಇಎಲ್. ಎಲೆಕ್ಟ್ರಾನಿಕ್ಸ್ ಬಲ್ಲ ಎಂಜಿನಿಯರ್‌ಗಳು ಆಗಲೇ ಈ ಊರಲ್ಲಿ ಸಂಸಾರ ಹೂಡಿದ್ದರು. ಉಪಗ್ರಹ ಸಂಪರ್ಕವನ್ನು ದುಡ್ಡು ಕೊಟ್ಟು ತರಿಸಬಹುದು. ನಲವತ್ತು ವರ್ಷದ ಪಳಗಿದ ಕೈಗಳನ್ನು ಎಲ್ಲಿಂದ ತರಿಸ್ತೀರಿ?

ಬೆಂಗಳೂರು ಬಿಡಿ, ಬೆಳಗಾವಿ ನೋಡಿ. ಉದ್ಯಮಬಾಗ್ ಕಡೆ ಹೋದವರಿಗೆ ಗೊತ್ತು, ಫೌಂಡ್ರಿ, ಲೇತು, ಕಬ್ಬಿಣದ ಪುಡಿ ವಾಸನೆ. ಆ ಜಿಲ್ಲೆಯ ಹತ್ತರಗಿಯಲ್ಲಿ ಇವತ್ತು ವಿಮಾನದ ಬಿಡಿಭಾಗ ಮಾಡ್ತಾರೆ. ಕೆನಡಾದ ಮೆಗೆಲನ್ ಏರೋಸ್ಪೇಸ್ ಅಲ್ಲಿ ಪಾಲುದಾರನಾಗಿ ಬಂತು. ಲೋಹ ಕೊರೆಯೋದು ಗೊತ್ತಿದ್ದ ಊರಿಗೆ ಲೋಹ ಕೊರೆಯುವ ಕೆಲಸವೇ ಬಂತು, ಅಲ್ವಾ? ನಮ್ಮ ಹೂಡಿಕೆದಾರರ ಸಮಾವೇಶಗಳಲ್ಲಿ ಇಂಥ ಕಥೆ ಯಾರೂ ಹೇಳಲ್ಲ. 2025ರ ಫೆಬ್ರವರಿಯ ಸಮಾವೇಶದಿಂದ ಹೊರಬಂದಿದ್ದು 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆ ಅನ್ನೋ ಅಂಕಿ. ಒಪ್ಪಂದಕ್ಕೆ ಸಹಿ ಹಾಕೋಕೆ ಖರ್ಚೇನಿದೆ ಹೇಳಿ!

ನಾನು ಕೆಲಸ ಮಾಡ್ತಿದ್ದ ಒಂದು ಕಂಪನಿಗೆ ಹೊರದೇಶದಿಂದ ಜಾಗ ನೋಡುವ ತಂಡ ಬಂದಿತ್ತು. ನಮ್ಮ ಮ್ಯಾನೇಜರ್ ಬಾಡಿಗೆ, ತೆರಿಗೆ, ರಿಯಾಯಿತಿ ಎಲ್ಲಾ ಸ್ಲೈಡ್ ಮಾಡಿಸಿ ಇಟ್ಟಿದ್ದರು. ಬಂದ ಹೆಂಗಸು ಅದನ್ನೆಲ್ಲ ಸರಸರ ದಾಟಿಸಿದರು. ಕೇಳಿದ್ದು ಇಷ್ಟು. ಈ ಕೆಲಸ ಬಲ್ಲ ಇನ್ನೂರು ಜನ ಆರು ತಿಂಗಳಲ್ಲಿ ಸಿಗ್ತಾರಾ? ನೋಟಿಸ್ ಪೀರಿಯಡ್ ಎಷ್ಟು? ಕಟ್ಟಡಕ್ಕೆ ಎರಡು ಬೇರೆ ಬೇರೆ ಸಬ್‌ಸ್ಟೇಷನ್‌ನಿಂದ ಲೈನ್ ಇದೆಯಾ? ಬೇಡ ಅನ್ನಿಸಿದರೆ ಬಾಡಿಗೆ ಕರಾರಿನಿಂದ ಯಾವಾಗ ಹೊರಗೆ ಬರಬಹುದು? ಕೊನೆಯ ಪ್ರಶ್ನೆ ಕೇಳಿ ಮ್ಯಾನೇಜರ್ ಮುಖ ಸಪ್ಪಗಾಯ್ತು. ಬರೋಕೆ ಮುಂಚೆನೇ ಹೋಗೋ ಮಾತಾ ಅಂತ. ಅವರ ದೃಷ್ಟಿಯಲ್ಲಿ ಅದು ಮಾಮೂಲಿ ಪ್ರಶ್ನೆ. ಕೋಸ್ಟರಿಕಾ 90ರ ದಶಕದಲ್ಲಿ ಇಂಟೆಲ್ ಕಂಪನಿಯನ್ನು ಕರೆತಂದು ಜಗತ್ತಿಗೇ ಮಾದರಿ ಅನ್ನಿಸಿಕೊಂಡಿತು. 2014ರಲ್ಲಿ ಅದೇ ಇಂಟೆಲ್ ಅಲ್ಲಿನ ಚಿಪ್ ಜೋಡಣೆ ಕೆಲಸ ಏಷ್ಯಾಕ್ಕೆ ಸಾಗಿಸಿತು. ಸುಮಾರು 1,500 ಜನ ಕೆಲಸ ಕಳ್ಕೊಂಡರು. ಎಂಜಿನಿಯರಿಂಗ್ ವಿಭಾಗ ಮಾತ್ರ ಅಲ್ಲೇ ಉಳೀತು.

ಈಗ ಹುಬ್ಬಳ್ಳಿ, ಮೈಸೂರು, ಮಂಗಳೂರಿಗೆ ಬರೋಣ. "ಬೆಂಗಳೂರಿನಾಚೆ" ಅಂತ ವರ್ಷಗಳಿಂದ ಹೇಳ್ತಿದ್ದೀವಿ. ಕಾಲೇಜಿಗೆ ಬರ ಇಲ್ಲ, ಬಾಡಿಗೆ ಕಡಿಮೆ. ಆದರೂ ದೊಡ್ಡ ವಿದೇಶಿ ಕಂಪನಿಗಳು ಯಾಕೆ ಹಿಂಜರಿಯುತ್ತವೆ? ಹುಬ್ಬಳ್ಳಿಯ ನನ್ನ ಗೆಳೆಯನೊಬ್ಬ ಊರಿಗೆ ವಾಪಸ್ ಹೋಗೋಕೆ ತುದಿಗಾಲಲ್ಲಿ ನಿಂತಿದ್ದಾನೆ. ಅವನಿಗೆ ಅಲ್ಲಿ ಕೆಲಸ ಸಿಕ್ಕೀತು. ಅವನ ಹೆಂಡತಿಗೆ? ಅವಳು ಚಿಪ್ ಡಿಸೈನ್ ಮಾಡೋಳು. ನಾಳೆ ಅವನಿಗೆ ಬಾಸ್ ಜೊತೆ ಆಗಿಬರಲಿಲ್ಲ ಅಂದ್ರೆ ಎದುರು ಕಟ್ಟಡಕ್ಕೆ ಹಾರೋಕೆ ಅಲ್ಲಿ ಇನ್ನೊಂದು ಕಂಪನಿ ಇದೆಯಾ? ಇಲ್ಲ. ಹಾಗಾಗಿ ಇಬ್ಬರೂ ಔಟರ್ ರಿಂಗ್ ರೋಡ್ ಟ್ರಾಫಿಕ್ಕಿಗೆ ಶಾಪ ಹಾಕ್ತಾ ಇಲ್ಲೇ ಇದ್ದಾರೆ. ಅವರು ಇಲ್ಲಿದ್ದಾರೆ ಅಂತ ಕಂಪನಿಗಳೂ ಇಲ್ಲೇ ಇವೆ.

ಅದಕ್ಕೇ ಒಬ್ಬ ದೊಡ್ಡ ಕುಳಕ್ಕೆ ನೂರು ಎಕರೆ ಕೊಟ್ಟು ಫೋಟೊ ಹಿಡಿಸಿಕೊಳ್ಳೋ ಬದಲು, ಐವತ್ತೈವತ್ತು ಜನರ ಹತ್ತು ಕಂಪನಿಗಳನ್ನು ಒಂದೇ ಬೀದಿಗೆ ಕರೆತರೋದು ವಾಸಿ ಅಂತೀನಿ. ಎಕರೆ ಲೆಕ್ಕ ಬೇಡ, ಸಿದ್ಧ ಕಟ್ಟಡ ಸಾಕು. ಮೊದಲ ಮೂರು ವರ್ಷದ ಬಾಡಿಗೆಯಲ್ಲಿ ಅರ್ಧ ಸರ್ಕಾರ ಕೊಡಲಿ. ಹುಬ್ಬಳ್ಳಿಯವರು, ಮಂಗಳೂರಿನವರು ಇಲ್ಲಿದ್ದರೆ ಹೇಳಿ: ನೀವು ವಾಪಸ್ ಹೋಗೋಕೆ ಅಡ್ಡ ಬಂದಿದ್ದು ಸಂಬಳನಾ, ಮನೆಯವರ ಕೆಲಸನಾ?