ಬಟವಾಡೆ ಚೀಟಿಯಲ್ಲಿ ಮೈನಸ್ 340

ಈ ವಾರ ಪೂರ್ತಿ ಬಿಸಿಎ ಅಂತಿಮ ವರ್ಷದ ಪ್ರಾಜೆಕ್ಟ್ ವರದಿಗಳನ್ನು ನೋಡುತ್ತಿದ್ದೇನೆ. ಎಲ್ಲದರಲ್ಲೂ 'ಸಿಸ್ಟಮ್ ಅನಾಲಿಸಿಸ್' ಎಂಬ ಅಧ್ಯಾಯವಿದೆ (ಪ್ರೋಗ್ರಾಂ ಬರೆಯುವ ಮೊದಲು ಕೆಲಸ ಹೇಗೆ ನಡೆಯುತ್ತದೆ ಎಂದು ವಿಶ್ಲೇಷಿಸುವುದು), ಎಲ್ಲದರಲ್ಲೂ ದತ್ತಾಂಶ ಹರಿಯುವ ದಾರಿಯ ಚಿತ್ರ, ಅಂದರೆ ಡಿಎಫ್‌ಡಿ, ಅಚ್ಚುಕಟ್ಟಾಗಿದೆ. ಒಬ್ಬ ಹುಡುಗನನ್ನು ಕರೆದು "ಇದನ್ನು ಯಾವಾಗ ಬರೆದೆ?" ಎಂದು ಕೇಳಿದೆ. "ಪ್ರೋಗ್ರಾಂ ಎಲ್ಲ ಮುಗಿದ ಮೇಲೆ ಸರ್, ಬೈಂಡಿಂಗ್‌ಗೆ ಕೊಡುವ ಹಿಂದಿನ ರಾತ್ರಿ" ಎಂದ. ಗೃಹಪ್ರವೇಶದ ಊಟ ಮುಗಿದ ಮೇಲೆ ಮನೆಯ ನಕ್ಷೆ ಬರೆಸಿದ ಹಾಗೆ. ನಿಜ ಹೇಳಿದ್ದಕ್ಕೆ ಎರಡು ಅಂಕ ಹೆಚ್ಚು ಕೊಟ್ಟೆ.

ಬೈಯುವ ಮುಖ ನನಗೂ ಇಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಒಂದು ಹಾಲಿನ ಡೇರಿಗೆ ಜಿಡಬ್ಲ್ಯು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕಾರ್ಯದರ್ಶಿಯವರೊಡನೆ ಒಂದು ಮಧ್ಯಾಹ್ನ ಕುಳಿತು ನಿಯಮ ಬರೆದುಕೊಂಡೆ: ಬೆಳಗ್ಗೆ, ಸಂಜೆ ಹಾಲಿನ ಅಳತೆ, ಫ್ಯಾಟು, ಅದಕ್ಕೆ ತಕ್ಕ ದರ, ಹದಿನೈದು ದಿನಕ್ಕೊಮ್ಮೆ ಬಟವಾಡೆ, ಸಾಲದ ಮೇಲೆ ಒಯ್ದ ಹಿಂಡಿ, ಬೂಸಾದ ಹಣ ಬಟವಾಡೆಯಲ್ಲೇ ಕಡಿತ. ಕೂಡುವುದು, ಕಳೆಯುವುದು, ಅಷ್ಟೇ ಅಲ್ಲವೇ ಎಂದುಕೊಂಡೆ.

ಮೊದಲ ಬಟವಾಡೆಯ ದಿನ ಒಬ್ಬ ಅಜ್ಜಿಯ ಚೀಟಿಯಲ್ಲಿ 'ಮೈನಸ್ 340' ಎಂದು ಅಚ್ಚಾಗಿತ್ತು. ಹಸು ಗಬ್ಬವಾಗಿ ಹಾಲು ಇಳಿದಿತ್ತು, ಹಿಂಡಿಯ ಬಾಕಿ ಮಾತ್ರ ಹಾಗೆಯೇ ಇತ್ತು. "ಹಾಲೂ ಕೊಟ್ಟು ದುಡ್ಡೂ ಕೊಡಬೇಕೇನಪ್ಪಾ?" ಎಂದು ಆಕೆ ಕೇಳಿದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. ಐದಾರು ಚೀಟಿಗಳಲ್ಲಿ ಅದೇ ಕಥೆ ಕಂಡ ಮೇಲೆ ಯಾರೂ ನಗಲಿಲ್ಲ.

ನಿಯಮ ಸರಿಯಾಗಿಯೇ ಇತ್ತು, ಆದರೆ ಡೇರಿ ನಡೆಯುತ್ತಿದ್ದುದು ಆ ನಿಯಮದಿಂದಲ್ಲ. ಹಸು ಬತ್ತಿದವರ ಬಾಕಿಯನ್ನು ಕಾರ್ಯದರ್ಶಿಯವರು ಮೂರು ನಾಲ್ಕು ಬಟವಾಡೆಗಳಿಗೆ ಹಂಚುತ್ತಿದ್ದರು. ಆ ಲೆಕ್ಕ ಅವರ ಅಂಗಿ ಜೇಬಿನ ಸಣ್ಣ ಪುಸ್ತಕದಲ್ಲಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಡಿಎಫ್‌ಡಿಯಲ್ಲಿ ಮಾಹಿತಿ ತಂಗುವ ಜಾಗಕ್ಕೆ ಎರಡು ಸಮಾನಾಂತರ ಗೆರೆ ಎಳೆಯುತ್ತೇವಲ್ಲ, ಆ ಗೆರೆಗಳ ನಡುವೆ ಬರೆಯಬೇಕಾಗಿದ್ದದ್ದು ಆ ಜೇಬಿನ ಪುಸ್ತಕ. ಫ್ಲೋಚಾರ್ಟ್ ಎಂಬ ಇನ್ನೊಂದು ಚಿತ್ರ ಯಾವ ಕೆಲಸವಾದ ಮೇಲೆ ಯಾವುದು ಎಂದು ಹೇಳುತ್ತದೆ. ಡಿಎಫ್‌ಡಿ ಮಾಹಿತಿ ಎಲ್ಲಿಂದ ಬಂತು, ಯಾರ ಕೈ ದಾಟಿತು, ಎಲ್ಲಿ ತಂಗಿತು ಎಂದು ಹೇಳುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಇವೆರಡನ್ನೂ ಒಂದೇ ಎಂದು ತಿಳಿದಿದ್ದಾರೆ.

ಆಮೇಲೆ ನಾನು ಮಾಡಿದ ರಿಪೇರಿ ತಪ್ಪಿಗಿಂತ ಕೆಟ್ಟದ್ದು. ಅಲ್ಲೊಂದು 'ಗೋಟು', ಇಲ್ಲೊಂದು 'ಗೋಟು', ಅಂದರೆ ಪ್ರೋಗ್ರಾಮಿನ ಬೇರೊಂದು ಸಾಲಿಗೆ ಹಾರು ಎಂಬ ಆಜ್ಞೆ. ಮೊತ್ತ ಸೊನ್ನೆಗಿಂತ ಕಡಿಮೆಯಾದರೆ 900ನೇ ಸಾಲಿಗೆ ಹಾರು, ಅಲ್ಲಿಂದ 420ಕ್ಕೆ ಮರಳು. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1968ರಲ್ಲೇ ಗೋಟು ಅಪಾಯಕಾರಿ ಎಂದು ಪತ್ರ ಬರೆದಿದ್ದರು. ಅದಕ್ಕೂ ಎರಡು ವರ್ಷ ಮೊದಲೇ ಬ್ಯೋಮ್ ಮತ್ತು ಯಾಕೊಪಿನಿ ಎಂಬ ಇಬ್ಬರು ಸಂಶೋಧಕರು, ಒಂದಾದ ಮೇಲೊಂದು, ಇದು ಅಥವಾ ಅದು, ಮತ್ತೆ ಮತ್ತೆ ಎಂಬ ಮೂರೇ ರಚನೆಗಳಿಂದ ಯಾವ ಪ್ರೋಗ್ರಾಮನ್ನಾದರೂ ಕಟ್ಟಬಹುದು ಎಂದು ತೋರಿಸಿದ್ದರು. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾಗಿದ್ದ ನಾನು ಡೇರಿಯಲ್ಲಿ ಕಪ್ಪೆಯಂತೆ ಹಾರುತ್ತಿದ್ದೆ.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಬೇರೆ. ಹಿಂಡಿ ಕಡಿತದ ಲೆಕ್ಕವನ್ನು ನಾಲ್ಕು ಕಡೆ ಬರೆದಿದ್ದೆ: ಚೀಟಿಗೆ, ಪಾಸ್‌ಬುಕ್ಕಿಗೆ, ತಿಂಗಳ ವರದಿಗೆ, ಬಾಕಿ ಪಟ್ಟಿಗೆ. ಒಂದನ್ನು ತಿದ್ದಿದರೆ ಉಳಿದ ಮೂರು ಹಳೆಯ ರಾಗವನ್ನೇ ಹಾಡುತ್ತಿದ್ದವು. ಸ್ಟೀವನ್ಸ್, ಮೈಯರ್ಸ್, ಕಾನ್‌ಸ್ಟಂಟೈನ್ ಎಂಬ ಮೂವರು ಪ್ರೋಗ್ರಾಂ ವಿನ್ಯಾಸದ ಬಗ್ಗೆ 1974ರ ಲೇಖನದಲ್ಲಿ ಹೇಳಿದ್ದು ಇದನ್ನೇ: ಒಂದು ಭಾಗದೊಳಗಿನ ಕೆಲಸಗಳು ಒಂದಕ್ಕೊಂದು ಬಿಗಿಯಾಗಿ ಸೇರಿರಬೇಕು, ಭಾಗ ಭಾಗಗಳ ನಡುವಿನ ಹೊಂದಿಕೆ ಸಡಿಲವಾಗಿರಬೇಕು. ಅವಿಭಕ್ತ ಕುಟುಂಬದಲ್ಲಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಾಗಿತ್ತು.

ಇದನ್ನು ಸರಿಯಾಗಿ ಮಾಡಿದ ಉದಾಹರಣೆ ಕೇಳಿದರೆ ನಾನು ಕರ್ನಾಟಕದ ಜಮೀನು ದಾಖಲೆಗಳ 'ಭೂಮಿ' ಯೋಜನೆಯನ್ನು ತೋರಿಸುತ್ತೇನೆ. ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತುಂಬಿದರು ಎಂಬುದನ್ನೇ ಎಲ್ಲರೂ ಹೊಗಳುತ್ತಾರೆ. ಅದು ಬೆರಳಚ್ಚಿನ ಕೆಲಸ. ವಿಶ್ಲೇಷಣೆ ಇದ್ದದ್ದು ಇನ್ನೊಂದು ಕಡೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ವ್ಯವಸ್ಥೆ ಕಟ್ಟಿದರು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಎರಡನೆಯ ಪರದೆಯನ್ನು ರೈತನ ಕಡೆಗೆ ತಿರುಗಿಸಿ ಇಟ್ಟರು. ಅಧಿಕಾರ ಎಲ್ಲಿ ಕೂತಿದೆ ಎಂದು ಕಂಡವರು ಮಾತ್ರ ಹೀಗೆ ಯೋಚಿಸಬಲ್ಲರು. ಹಳೆಯ ಪಹಣಿಯ ತಪ್ಪುಗಳೂ ಜೊತೆಗೇ ಒಳಗೆ ಹೋದವು, ಅದು ನಿಜ. ತಿದ್ದುಪಡಿಗೆ ಅಲೆದವರು ನಮ್ಮ ಮನೆಯಲ್ಲೇ ಇದ್ದಾರೆ.

ಈಗ ಕೋಡನ್ನು ಯಂತ್ರವೇ ಬರೆಯುತ್ತದೆ, ಇದನ್ನೆಲ್ಲ ಏಕೆ ಕಲಿಯಬೇಕು ಎಂದು ಮಕ್ಕಳು ಕೇಳುತ್ತಾರೆ. ಬರೆಯಲಿ. ನನ್ನ ನಿಯಮಗಳನ್ನು ಕೊಟ್ಟರೆ ಆ ಯಂತ್ರವೂ ಅಜ್ಜಿಗೆ ಮೈನಸ್ 340 ಅಚ್ಚು ಹಾಕುತ್ತದೆ, ನನಗಿಂತ ಬೇಗ.

ಕಾರ್ಯದರ್ಶಿಯವರು ಆ ಪುಸ್ತಕವನ್ನು ನನಗೆ ತೋರಿಸಲು ಮೂರು ದಿನ ಹಿಡಿಯಿತು. ಕೆಲವು ಹೆಸರುಗಳ ಮುಂದೆ ಮೊತ್ತವೇ ಇರಲಿಲ್ಲ, 'ನೋಡೋಣ' ಎಂದು ಮಾತ್ರ ಬರೆದಿತ್ತು. ಅದಕ್ಕೂ ಪ್ರೋಗ್ರಾಮಿನಲ್ಲಿ ಒಂದು ಅಕ್ಷರದ ಜಾಗ ಮಾಡಿದೆ. ನನ್ನ ಪ್ರೋಗ್ರಾಮಿನಲ್ಲಿ ಕನ್ನಡ ಇರಲಿಲ್ಲವಾದ್ದರಿಂದ ಇಂಗ್ಲಿಷಿನ 'ಎನ್' ಹಾಕಿದೆ. ಒಂದು ತಿಂಗಳು ಕಾರ್ಯದರ್ಶಿಯವರು ರಜೆ ಹಾಕಿದರು. ಅವರ ಜಾಗದಲ್ಲಿ ಕೂತ ಹುಡುಗ ಅದನ್ನು 'ನೋ' ಎಂದು ಓದಿ ಅಷ್ಟೂ ಮನೆಗಳಿಗೆ ಹಿಂಡಿ ನಿಲ್ಲಿಸಿಬಿಟ್ಟ.